ಹಾಸನದ ಶಾಸನ ಸಂಪುಟವೂ ಒಡೆಯರಿಲ್ಲದ ಜಾಲವೂ: ತಪ್ಪು ಕಲ್ಪನೆ ಮತ್ತು ವಾಸ್ತವ

ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ 1902ರಲ್ಲಿ ಹೊರಬಂತು. ಇಡೀ ಸಂಪುಟ ಹಾಸನ ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಲಾಗಿದೆ: ಹಾಸನ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಮಂಜರಾಬಾದು. ಹೊಯ್ಸಳರ ಮೇಲೆ ಬರೆಯುವವರು ಇಂದಿಗೂ ಆ ತಾಲ್ಲೂಕು ಸಂಖ್ಯೆಗಳನ್ನೇ ಉಲ್ಲೇಖಿಸುತ್ತಾರೆ. ಶ್ರವಣಬೆಳಗೊಳಕ್ಕೆ ಪ್ರತ್ಯೇಕ ಸಂಪುಟವೇ ಇದೆ. 1889ರಲ್ಲಿ ರೈಸ್ ತಂದದ್ದನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಮತ್ತೆ ಹೊರತಂದರು. ಈ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಈಗ ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅರಕಲಗೂಡಿನ ವಿದ್ಯಾರ್ಥಿಯೊಬ್ಬ ತನ್ನೂರ ಶಾಸನದ ಪಾಠ ಓದಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಬಾಗಿಲು ತಟ್ಟಬೇಕು.

2012ರ ಆಗಸ್ಟ್‌ನಿಂದ ಆ ತಾಣ ತನ್ನ ಕಡತಗಳನ್ನು ಬಿಟ್‌ಟೊರೆಂಟ್ ಮೂಲಕವೂ ಕೊಡುತ್ತಿದೆ. ಅಂದರೆ ಪೀರ್-ಟು-ಪೀರ್ ಜಾಲದಲ್ಲಿ ಒಬ್ಬರಿಂದ ಒಬ್ಬರಿಗೆ ನೇರವಾಗಿ ಹಂಚಿಕೊಳ್ಳಬಹುದು. ಹಾಗಾದರೆ ಈ ಸಂಪುಟಗಳು ಹಾಸನ ಜಿಲ್ಲೆಯ ಕಂಪ್ಯೂಟರುಗಳಲ್ಲೇ ಏಕೆ ಇರಬಾರದು? ಇರಬಹುದು, ಇರಬೇಕು ಕೂಡ. ಆದರೆ ಈ ಜಾಲಗಳ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳು ಆ ಕೆಲಸವನ್ನು ಶುರುವಾಗುವ ಮೊದಲೇ ಕೆಡಿಸುತ್ತವೆ.

ತಪ್ಪು ಕಲ್ಪನೆ: ಪೀರ್-ಟು-ಪೀರ್ ಜಾಲದಲ್ಲಿ ಎಲ್ಲ ನೋಡ್‌ಗಳೂ ಸಮಾನ, ಎಲ್ಲವೂ ಒಂದೇ ಕೆಲಸ ಮಾಡುತ್ತವೆ

ನೋಡ್ ಎಂದರೆ ಜಾಲಕ್ಕೆ ಸೇರಿದ ಒಂದೊಂದು ಯಂತ್ರ. ಅವು ಹಕ್ಕಿನಲ್ಲಿ ಸಮಾನ, ಕೆಲಸದಲ್ಲಿ ಅಲ್ಲ. ಎಲ್ಲರಿಗೂ ಒಂದೇ ಕೆಲಸ ಹೊರಿಸಿ ನೋಡಿದ ಜಾಲವೊಂದು ನಿಜವಾಗಿಯೂ ಇತ್ತು. 2000ದಲ್ಲಿ ಬಂದ ನ್ಯೂಟೆಲ್ಲಾದಲ್ಲಿ ಒಂದು ಕಡತ ಬೇಕೆಂದರೆ ನಿಮ್ಮ ಯಂತ್ರ ತನ್ನ ನೆರೆಯ ಯಂತ್ರಗಳನ್ನೆಲ್ಲ ಕೇಳುತ್ತಿತ್ತು, ಅವು ತಮ್ಮ ನೆರೆಯವನ್ನು ಕೇಳುತ್ತಿದ್ದವು, ಹೀಗೆ ಏಳು ಹಂತದವರೆಗೆ. ಪ್ರತಿ ಯಂತ್ರಕ್ಕೆ ನಾಲ್ಕೇ ನೆರೆಯವರು ಎಂದಿಟ್ಟುಕೊಂಡರೂ ಒಂದು ಪ್ರಶ್ನೆಗೆ 4,372 ಸಂದೇಶಗಳು ಹರಿದಾಡುತ್ತವೆ. ಆಗಿನ ದೂರವಾಣಿ ತಂತಿಯ ಡಯಲ್-ಅಪ್ ಸಂಪರ್ಕಗಳು ಬೇರೆಯವರ ಪ್ರಶ್ನೆಗಳನ್ನು ದಾಟಿಸುವುದರಲ್ಲೇ ಸುಸ್ತಾದವು. ಅದೇ ವರ್ಷ ಅಡಾರ್ ಮತ್ತು ಹ್ಯೂಬರ್‌ಮನ್ ಎಂಬಿಬ್ಬರು ಆ ಜಾಲವನ್ನು ಅಳೆದರು. ಸುಮಾರು ಶೇ 70ರಷ್ಟು ಬಳಕೆದಾರರು ಏನನ್ನೂ ಹಂಚುತ್ತಿರಲಿಲ್ಲ. ಬರುತ್ತಿದ್ದ ಉತ್ತರಗಳಲ್ಲಿ ಅರ್ಧದಷ್ಟನ್ನು ಹಂಚುವವರ ಪೈಕಿ ಮೇಲಿನ ಶೇ 1ರಷ್ಟು ಯಂತ್ರಗಳೇ ಕೊಡುತ್ತಿದ್ದವು. ಸಮಾನತೆ ಕಾಗದದಲ್ಲಿತ್ತು, ಹೊರೆಯನ್ನು ಕೆಲವರೇ ಹೊರುತ್ತಿದ್ದರು.

ಮುಂದೆ ಬಂದ ವಿನ್ಯಾಸಗಳು ಈ ವಾಸ್ತವವನ್ನು ಒಪ್ಪಿಕೊಂಡವು. ನ್ಯೂಟೆಲ್ಲಾ ‘ಅಲ್ಟ್ರಾಪೀರ್’ಗಳನ್ನು ತಂದಿತು, ಕಜಾ ಎಂಬ ಜಾಲ ‘ಸೂಪರ್‌ನೋಡ್’ಗಳನ್ನು ತಂದಿತು. ಗಟ್ಟಿ ಸಂಪರ್ಕವಿದ್ದು ಬಹಳ ಹೊತ್ತು ಚಾಲೂ ಇರುವ ಯಂತ್ರಗಳಿಗೆ ಹುಡುಕಿಕೊಡುವ ಕೆಲಸ. ಉಳಿದವು ಅವುಗಳಿಗೆ ಅಂಟಿಕೊಂಡಿದ್ದರೆ ಸಾಕು. ಐಪಿಎಫ್‌ಎಸ್ ಎಂಬ ಕಡತ ಹಂಚುವ ಜಾಲದಲ್ಲಿ 2020ರಿಂದ ಒಂದು ನೋಡ್ ಹೊರಗಿನಿಂದ ನೇರ ತಲುಪುವಂತಿದ್ದರೆ ಮಾತ್ರ, ಯಾವ ಕಡತ ಯಾರ ಬಳಿ ಇದೆಯೆಂದು ಹೇಳುವ ವಿಳಾಸಪಟ್ಟಿಯ ಸರ್ವರ್ ಆಗುತ್ತದೆ, ಇಲ್ಲವಾದರೆ ಬರೀ ಗ್ರಾಹಕ. ನೂರಾರು ಚಂದಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವ ಮೊಬೈಲಿನಂಥ ಸಂಪರ್ಕಗಳಲ್ಲಿ ಹೊರಗಿನಿಂದ ನೇರ ತಲುಪುವುದು ಕಷ್ಟ. ಹೊಳೆನರಸೀಪುರದ ಒಂದು ಮೊಬೈಲಿಗೆ ಜಾಲದ ಬೆನ್ನೆಲುಬಾಗು ಎಂದು ಹೇಳುವುದು ಆ ಮೊಬೈಲಿಗೂ ಅನ್ಯಾಯ, ಜಾಲಕ್ಕೂ ಅನ್ಯಾಯ. ಬ್ಯಾಟರಿ ಇಳಿಯುತ್ತದೆ, ದಿನದ ಡೇಟಾ ಮುಗಿಯುತ್ತದೆ, ಅಷ್ಟರಲ್ಲಿ ಅದನ್ನು ನಂಬಿದವರಿಗೆ ಉತ್ತರವೂ ಸಿಕ್ಕಿರುವುದಿಲ್ಲ.

ವಿಶೇಷ ಹೊಣೆಯ ನೋಡ್‌ಗಳಿಗೆ ಅವುಗಳದೇ ಅಪಾಯವಿದೆ ಎಂಬುದನ್ನೂ ಹೇಳಬೇಕು. ಸ್ಕೈಪ್ ಮೊದಲು ಬಳಕೆದಾರರ ಯಂತ್ರಗಳನ್ನೇ ಸೂಪರ್‌ನೋಡ್ ಮಾಡಿಕೊಂಡಿತ್ತು. 2007ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಬಂದು ಜಗತ್ತಿನಾದ್ಯಂತ ಅಸಂಖ್ಯ ಕಂಪ್ಯೂಟರುಗಳು ಹೆಚ್ಚುಕಡಿಮೆ ಒಟ್ಟಿಗೇ ಮರುಚಾಲನೆಯಾದವು. ಸೂಪರ್‌ನೋಡ್‌ಗಳು ಕಡಿಮೆ, ಒಳಬರಲು ನೂಕುನುಗ್ಗಲು. ಸುಮಾರು ಎರಡು ದಿನ ಸ್ಕೈಪ್ ನೆಲಕಚ್ಚಿತು. 2012ರ ಹೊತ್ತಿಗೆ ಮೈಕ್ರೋಸಾಫ್ಟ್ ಆ ಕೆಲಸವನ್ನು ತನ್ನದೇ ಸರ್ವರ್‌ಗಳಿಗೆ ವಹಿಸಿತು. ಹೊಣೆ ಹೊರುವ ನೋಡ್‌ಗಳು ಬೇಕು. ಅವೆಲ್ಲ ಒಂದೇ ಕಾರಣಕ್ಕೆ ಒಟ್ಟಿಗೆ ಬೀಳುವಂತಿರಬಾರದು.

ತಪ್ಪು ಕಲ್ಪನೆ: ಜಾಲಕ್ಕೆ ಒಮ್ಮೆ ಹಾಕಿದರೆ ಅದು ಶಾಶ್ವತ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಹಾಕಿದ್ದೇವೆ, ಇನ್ನು ಉಳಿಯುತ್ತದೆ ಎಂದು ಕೈತೊಳೆದುಕೊಳ್ಳಲು ಇದೇ ನೆಪ.

ಒಮ್ಮೆ ತರಿಸಿಕೊಂಡ ಕಡತದ ಪ್ರತಿಯನ್ನು ಮುಂದೆ ಬೇಗ ಸಿಗಲೆಂದು ಹತ್ತಿರದಲ್ಲಿ ಇಟ್ಟುಕೊಳ್ಳುವುದೇ ಕ್ಯಾಶ್. ಜಾಗ ತುಂಬಿದಾಗ ಕೆಲವನ್ನು ತೆಗೆದುಹಾಕುವುದು ಕ್ಯಾಶ್‌ನ ದೋಷವಲ್ಲ, ಅದರ ಕೆಲಸವೇ ಅದು. ಇಯಾನ್ ಕ್ಲಾರ್ಕ್ ಅವರ ಫ್ರೀನೆಟ್ 2000ದಲ್ಲೇ ಈ ತತ್ತ್ವದ ಮೇಲೆ ನಿಂತಿತು. ಒಂದು ಕಡತ ಕೇಳಿದವರ ಕಡೆಗೆ ಸಾಗುವಾಗ ದಾರಿಯ ನೋಡ್‌ಗಳಲ್ಲೆಲ್ಲ ಅದರ ಪ್ರತಿ ಉಳಿಯುತ್ತದೆ. ಹೆಚ್ಚು ಜನ ಕೇಳಿದಷ್ಟೂ ಪ್ರತಿಗಳು ಹೆಚ್ಚುತ್ತವೆ. ಯಾರೂ ಕೇಳದಿದ್ದರೆ ಒಂದೊಂದಾಗಿ ಎಲ್ಲ ಕಡೆಯಿಂದಲೂ ಜಾರಿಹೋಗುತ್ತದೆ. 2015ರಲ್ಲಿ ಬಂದ ಐಪಿಎಫ್‌ಎಸ್‌ನಲ್ಲೂ ಹೀಗೆಯೇ. ನೀವು ನೋಡಿದ ಕಡತ ನಿಮ್ಮ ನೋಡ್‌ನಲ್ಲಿ ಕೆಲಕಾಲ ಉಳಿದು ಇತರರಿಗೂ ಸಿಗುತ್ತದೆ. ಹಳೆಯದನ್ನು ಗುಡಿಸುವ ಕೆಲಸ ನಡೆದಾಗ, ನೀವು ಪಿನ್ ಮಾಡಿರದಿದ್ದರೆ, ಅಂದರೆ ತೆಗೆಯಬೇಡವೆಂದು ಗುರುತು ಹಾಕಿರದಿದ್ದರೆ, ಹೋಗುತ್ತದೆ. ಬಿಟ್‌ಟೊರೆಂಟ್‌ನಲ್ಲಿ ಪೂರ್ತಿ ಪ್ರತಿ ಇಟ್ಟುಕೊಂಡು ಹಂಚುವ ಸೀಡರ್ ಒಬ್ಬರೂ ಇಲ್ಲದಿದ್ದರೆ, ಉಳಿದವರ ತುಣುಕುಗಳೂ ಕೂಡಿ ಪೂರ್ತಿಯಾಗದಿದ್ದರೆ, ಟೊರೆಂಟ್ ಇದ್ದೂ ಇಲ್ಲದಂತೆ.

ಹೊಸ ಸಿನಿಮಾದ ಟ್ರೇಲರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶಾಸನಗಳಿರುವ ಸಂಪುಟಕ್ಕೆ. ಅದನ್ನು ಕೇಳುವವರು ವರ್ಷದಲ್ಲಿ ಬೆರಳೆಣಿಕೆಯಷ್ಟು. ಆದರೆ ಕೇಳುವ ಆ ಕೆಲವರಿಗೆ ಅದು ಬೇಕೇಬೇಕು, ಬದಲಿಗೆ ಇನ್ನೊಂದು ನಡೆಯದು. ಬೇಡಿಕೆಯನ್ನೇ ನಂಬಿದ ಕ್ಯಾಶ್ ಇಂಥ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಕೈಬಿಡುತ್ತದೆ. ಕನ್ನಡದ ಹಳೆಯ ಸಾಮಗ್ರಿಯ ಬಹುಪಾಲು ಇದೇ ಜಾತಿಯದು. ಹಾಗಾಗಿ ನಮ್ಮ ಮಟ್ಟಿಗೆ ಕ್ಯಾಶ್ ಎಷ್ಟು ಜಾಣ ಎಂಬುದಕ್ಕಿಂತ ಯಾರು ಬಿಡದೆ ಇಟ್ಟುಕೊಳ್ಳುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಒಂದು ಸಂಸ್ಥೆಯ ಸರ್ವರ್ ಇದ್ದೇ ಇದೆಯಲ್ಲ ಎನ್ನುವವರು 2024ರ ಅಕ್ಟೋಬರ್ ನೆನೆಯಬೇಕು. ಸೈಬರ್ ದಾಳಿಯಿಂದ ಇಂಟರ್ನೆಟ್ ಆರ್ಕೈವ್ ಹಲವು ದಿನ ಮುಚ್ಚಿತ್ತು. ಬೇರೆಲ್ಲೂ ಸೀಡರ್ ಇಲ್ಲದ ಟೊರೆಂಟುಗಳಿಂದ ಆ ದಿನಗಳಲ್ಲಿ ಯಾರಿಗೂ ಉಪಯೋಗವಿರಲಿಲ್ಲ.

ದುಡ್ಡು ಕೊಟ್ಟರೆ ಇಟ್ಟುಕೊಳ್ಳುವ ಜಾಲಗಳೂ ಇವೆ. 2020ರಲ್ಲಿ ಚಾಲೂ ಆದ ಫೈಲ್‌ಕಾಯಿನ್‌ನಲ್ಲಿ ಕಡತ ತನ್ನ ಬಳಿ ಇನ್ನೂ ಇದೆಯೆಂದು ಸಂಗ್ರಾಹಕ ಆಗಾಗ ಗಣಿತದ ಪುರಾವೆ ಒಪ್ಪಿಸಬೇಕು. ಆದರೆ ಅದೂ ಗೊತ್ತಾದ ಅವಧಿಯ ಕರಾರು. ಅವಧಿ ಮುಗಿದರೆ ಮತ್ತೆ ಯಾರಾದರೂ ಮುಂದೆ ಬರಬೇಕು.

ತಪ್ಪು ಕಲ್ಪನೆ: ಹತ್ತಿರದ ನೋಡ್ ಎಂದರೆ ಪಕ್ಕದ ಊರಿನ ನೋಡ್, ಕಡತ ಅಲ್ಲೇ ಇರುತ್ತದೆ

ಎರಡು ತಪ್ಪು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. 2002ರಲ್ಲಿ ಮೇಮೌಂಕೋವ್ ಮತ್ತು ಮಾಜ್ಯೇರ್ ರೂಪಿಸಿದ ಕಡೆಮ್ಲಿಯಾ ಎಂಬ ವಿಧಾನವನ್ನು ಬಿಟ್‌ಟೊರೆಂಟೂ ಐಪಿಎಫ್‌ಎಸ್ಸೂ ತಮಗೆ ಬೇಕಾದಂತೆ ಬಳಸುತ್ತವೆ. ಅದರಲ್ಲಿ ಪ್ರತಿ ನೋಡ್‌ಗೂ ಪ್ರತಿ ಕಡತಕ್ಕೂ ಒಂದೊಂದು ದೊಡ್ಡ ಸಂಖ್ಯೆ. ಎರಡು ಸಂಖ್ಯೆಗಳ ನಡುವಿನ ಗಣಿತದ ಅಂತರವೇ ‘ದೂರ’. ಹಾಸನದ ನೋಡ್‌ಗೆ ಈ ಲೆಕ್ಕದಲ್ಲಿ ಬ್ರೆಜಿಲಿನ ನೋಡ್ ಒತ್ತಿನಲ್ಲೇ ಇರಬಹುದು, ಸಕಲೇಶಪುರದ ನೋಡ್ ಬಲು ದೂರದಲ್ಲಿರಬಹುದು. ಇನ್ನು ಕಡತದ ಸಂಖ್ಯೆಗೆ ಹೀಗೆ ಹತ್ತಿರವಿರುವ ನೋಡ್‌ಗಳಲ್ಲಿ ಇರುವುದು ಕಡತವಲ್ಲ, ಅದು ಯಾರ ಬಳಿ ಸಿಗುತ್ತದೆ ಎಂಬ ವಿಳಾಸ ಮಾತ್ರ. ಆ ವಿಳಾಸವೂ ಕೆಲವು ಗಂಟೆಗಳಿಗೆ, ಹೆಚ್ಚೆಂದರೆ ಒಂದೆರಡು ದಿನಗಳಿಗೆ ಸವಕಲಾಗುತ್ತದೆ. ಇಟ್ಟುಕೊಂಡವರು ‘ನನ್ನ ಬಳಿ ಇದೆ’ ಎಂದು ಮತ್ತೆ ಮತ್ತೆ ಸಾರುತ್ತಿರಬೇಕು.

ಭೂಮಿಯ ಮೇಲಿನ ದೂರ ಲೆಕ್ಕಕ್ಕೇ ಇಲ್ಲವೆಂದಲ್ಲ. ಹಾಸನದಿಂದ ಬೆಂಗಳೂರು ಸುಮಾರು 180 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ಅಷ್ಟು ದೂರಕ್ಕೆ ಒಂದು ಮಿಲಿಸೆಕೆಂಡೂ ಹಿಡಿಯದು. ಫೈಬರ್ ಇರುವಲ್ಲಿ ದೂರಕ್ಕಿಂತ ಮೇಲಿನ ಕೊಂಡಿಯಲ್ಲಿ ಎಷ್ಟು ಜನ ನೂಕಾಡುತ್ತಿದ್ದಾರೆ ಎಂಬುದೇ ಮುಖ್ಯ. ಉಪಗ್ರಹ ಸಂಪರ್ಕದ ಕಥೆ ಬೇರೆ, ಹಾಸನದವರಿಗೆ ಅದನ್ನು ಹೆಚ್ಚು ವಿವರಿಸಬೇಕಿಲ್ಲ. ದೇಶದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೇ ಊರಿನಲ್ಲಿದೆ. ಆ ಉಪಗ್ರಹಗಳು ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ. ಪ್ರಶ್ನೆ ಹತ್ತಿ ಇಳಿದು, ಉತ್ತರ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ವಿಳಾಸ ಹುಡುಕಲು ನಾಲ್ಕೈದು ಸುತ್ತು ಕೇಳಬೇಕಾದರೆ ಎರಡು ಸೆಕೆಂಡಿಗೂ ಮೇಲೆ. ಉಪಗ್ರಹದಿಂದ ಜಾಲ ಪಡೆಯುವ ಗುಡ್ಡದೂರಿನ ನೋಡ್ ವಿಳಾಸಪಟ್ಟಿಯ ಸರ್ವರ್ ಆಗಬಾರದು. ಬದಲಿಗೆ ಊರಿನವರೆಲ್ಲ ಕೇಳುವುದನ್ನು ಅಲ್ಲೇ ಕೂಡಿಡುವ ದೊಡ್ಡ ಕ್ಯಾಶ್ ಆಗಬೇಕು. ಯಂತ್ರ ಎಲ್ಲಿದೆ ಎಂಬುದೇ ಅದರ ಪಾತ್ರವನ್ನು ತೀರ್ಮಾನಿಸುವ ಸಂದರ್ಭ ಇದು.

ತಪ್ಪು ಕಲ್ಪನೆ: ಹೆಚ್ಚು ಕೇಳಿದ್ದನ್ನು ಹೆಚ್ಚು ಇಡು, ಹಳೆಯದನ್ನು ತೆಗೆ, ಅಷ್ಟಾದರೆ ಕ್ಯಾಶ್ ನೀತಿ ಮುಗಿಯಿತು

ಬಹುತೇಕ ಕ್ಯಾಶ್‌ಗಳ ಮೊದಲ ಪಾಠ ಎಲ್‌ಆರ್‌ಯು: ಯಾವುದನ್ನು ಕೇಳಿ ಬಹಳ ಕಾಲವಾಯಿತೋ ಅದನ್ನು ಮೊದಲು ತೆಗೆ. ಸರಳ, ಸಾಕಷ್ಟು ಸಲ ಸಾಕಾಗುತ್ತದೆ. ಆದರೆ ಕಾಲೇಜಿನ ಒಬ್ಬ ಹುಡುಗ ಒಂದು ರಾತ್ರಿ ಸಾವಿರ ಕಡತಗಳನ್ನು ಒಂದೊಂದು ಸಲ ಇಳಿಸಿಕೊಂಡನೆಂದರೆ, ಮತ್ತೆ ಯಾರೂ ಕೇಳದ ಆ ಸಾವಿರ ಕಡತಗಳು ದಿನವೂ ಬೇಕಾದ ಪಠ್ಯಗಳನ್ನೆಲ್ಲ ಹೊರದಬ್ಬಿರುತ್ತವೆ. ಎಷ್ಟು ಸಲ ಕೇಳಿದರೆಂದು ಎಣಿಸಿ ಇಡುವ ಎಲ್‌ಎಫ್‌ಯು ನೀತಿಗೆ ಇನ್ನೊಂದು ರೋಗ: ಹೋದ ವರ್ಷದ ಪ್ರಶ್ನೆಪತ್ರಿಕೆ ಈ ವರ್ಷ ಯಾರಿಗೂ ಬೇಡವಾದರೂ ಹಳೆಯ ಎಣಿಕೆಯ ಬಲದಿಂದ ಜಾಗ ಬಿಡುವುದಿಲ್ಲ. ಐಬಿಎಂನ ಮೆಗಿಡ್ಡೊ ಮತ್ತು ಧರ್ಮೇಂದ್ರ ಮೋಧಾ 2003ರಲ್ಲಿ ಕೊಟ್ಟ ಎಆರ್‌ಸಿ ನೀತಿ ಎರಡು ಪಟ್ಟಿ ಇಡುತ್ತದೆ, ಇತ್ತೀಚೆಗೆ ಒಮ್ಮೆ ಕೇಳಿದ್ದು ಒಂದು, ಎರಡು ಸಲವಾದರೂ ಕೇಳಿದ್ದು ಇನ್ನೊಂದು. ಯಾವುದಕ್ಕೆ ಎಷ್ಟು ಜಾಗ ಎಂಬುದನ್ನು ಬಳಕೆ ನೋಡಿಕೊಂಡು ತಾನೇ ಬದಲಿಸಿಕೊಳ್ಳುತ್ತದೆ.

ಇದು ಒಂದೇ ಯಂತ್ರದ ಮಾತಾಯಿತು. ಜಾಲದಲ್ಲಿ ಪ್ರಶ್ನೆ ಹಿರಿದು: ಒಟ್ಟು ಜಾಗ ಇಷ್ಟೇ ಇರುವಾಗ ಯಾವ ಕಡತದ ಎಷ್ಟು ಪ್ರತಿ ಇರಬೇಕು? ಎಡಿತ್ ಕೊಹೆನ್ ಮತ್ತು ಸ್ಕಾಟ್ ಶೆಂಕರ್ 2002ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಚೆಲುವಾದ ಫಲಿತಾಂಶ. ಕೇಂದ್ರ ಪಟ್ಟಿಯಿಲ್ಲದೆ ಸಿಕ್ಕಸಿಕ್ಕ ನೋಡ್‌ಗಳನ್ನು ಕೇಳುತ್ತಾ ಹೋಗುವ ಜಾಲವೊಂದಿದೆ ಎನ್ನಿ. ಅಲ್ಲಿ ಒಂದು ಕಡತವನ್ನು ಇನ್ನೊಂದಕ್ಕಿಂತ 100 ಪಟ್ಟು ಹೆಚ್ಚು ಜನ ಕೇಳುತ್ತಾರೆ. ಎರಡಕ್ಕೂ ಸಮನಾಗಿ ಪ್ರತಿ ಇಡುವುದು ಒಂದು ದಾರಿ, 100ಕ್ಕೆ 1ರಂತೆ ಇಡುವುದು ಇನ್ನೊಂದು. ಆಶ್ಚರ್ಯವೆಂದರೆ ಸರಾಸರಿ ಹುಡುಕಾಟದ ಲೆಕ್ಕದಲ್ಲಿ ಈ ಎರಡೂ ಒಂದೇ. ಅತಿ ಕಡಿಮೆ ಹುಡುಕಾಟ ಬೇಕಾಗುವುದು ಬೇಡಿಕೆಯ ವರ್ಗಮೂಲದಂತೆ ಹಂಚಿದಾಗ, ಅಂದರೆ 10ಕ್ಕೆ 1ರಂತೆ. ಜನಪ್ರಿಯವಾದದ್ದಕ್ಕೆ ಹೆಚ್ಚು ಪ್ರತಿ ಇರಲಿ, ಆದರೆ ಬೇಡಿಕೆ ಕೇಳುವಷ್ಟು ಹೆಚ್ಚಲ್ಲ. ಅಪರೂಪದ್ದಕ್ಕೆ ಬೇಡಿಕೆ ಕೊಡುವುದಕ್ಕಿಂತ ಹೆಚ್ಚು ಜಾಗ ಸಿಗಲಿ. ಅಪರೂಪದ ಗ್ರಂಥವನ್ನು ಉಳಿಸುವುದು ಬರೀ ಭಾವನೆಯ ಮಾತೆಂದು ತಳ್ಳಿಹಾಕುವವರಿಗೆ ಈ ಗಣಿತವನ್ನು ತೋರಿಸಬೇಕು.

ಬಿಟ್‌ಟೊರೆಂಟ್ ಕೂಡ ಇದೇ ವಿವೇಕವನ್ನು ಬೇರೆ ರೀತಿಯಲ್ಲಿ ಅಳವಡಿಸಿಕೊಂಡಿದೆ. ಕಡತದ ತುಣುಕುಗಳಲ್ಲಿ ಗುಂಪಿನೊಳಗೆ ಯಾವುದು ಅತಿ ವಿರಳವೋ ಅದನ್ನೇ ಮೊದಲು ತರಿಸಿಕೊಳ್ಳುತ್ತದೆ. ಎಲ್ಲರ ಬಳಿಯೂ ಇರುವುದಕ್ಕೆ ಅವಸರವೇನು?

ತಪ್ಪು ಕಲ್ಪನೆ: ಗೊತ್ತಿಲ್ಲದವರ ಕ್ಯಾಶ್‌ನಿಂದ ಬಂದ ಪ್ರತಿಯನ್ನು ನಂಬಲಾಗದು

ಯಾರು ಕೊಟ್ಟರೆಂದು ನಂಬುವ ಅಗತ್ಯವೇ ಇಲ್ಲ, ಬಂದದ್ದನ್ನು ಪರೀಕ್ಷಿಸಿದರೆ ಸಾಕು. ಕಡತದ ಪ್ರತಿ ತುಣುಕಿಗೂ ಅದರೊಳಗಿನ ಅಕ್ಷರಗಳಿಂದಲೇ ಲೆಕ್ಕಹಾಕಿದ ಹ್ಯಾಶ್ ಇರುತ್ತದೆ. ಶಾಸನ ಪಾಠದ ಒಂದೇ ಒಂದು ಅಕ್ಷರವನ್ನು ಯಾರಾದರೂ ತಿದ್ದಿದರೂ ಹ್ಯಾಶ್ ಹೊಂದುವುದಿಲ್ಲ, ನಿಮ್ಮ ಯಂತ್ರ ಆ ತುಣುಕನ್ನು ಎಸೆದು ಬೇರೆಯವರ ಬಳಿ ಕೇಳುತ್ತದೆ. ಹ್ಯಾಶ್ ಹೇಳುವುದು ಪ್ರತಿ ಮೂಲದಂತಿದೆ ಎಂದಷ್ಟೇ. ಮೂಲದಲ್ಲಿ ರೈಸ್ ಒಂದು ಪದವನ್ನು ತಪ್ಪಾಗಿ ಓದಿದ್ದರೆ ಆ ತಪ್ಪೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬರುತ್ತದೆ. ಅದನ್ನು ಹಿಡಿಯುವವರು ಶಾಸನತಜ್ಞರೇ.

ಇದೇ ಗುಣದಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಬದಲಾಗದ ಪುಸ್ತಕಕ್ಕೆ ಈ ವ್ಯವಸ್ಥೆ ಹೇಳಿಮಾಡಿಸಿದಂತಿದೆ. ಬದಲಾಗುವ ದಾಖಲೆಗೆ ಹಾಗಲ್ಲ. ಖಾತೆ ಬದಲಾದ ಮೇಲೂ ಯಾರದೋ ಕ್ಯಾಶ್‌ನಲ್ಲಿ ಹಳೆಯ ಪಹಣಿ ಅಚ್ಚುಕಟ್ಟಾದ ಹ್ಯಾಶ್‌ನೊಂದಿಗೆ ಕುಳಿತಿರುತ್ತದೆ. ಪ್ರತಿ ಅಸಲಿ, ಮಾಹಿತಿ ಹಳತು. ಜನರ ಆಸ್ತಿ, ಆರೋಗ್ಯ, ಗುರುತಿನ ದಾಖಲೆಗಳನ್ನಂತೂ ಇಂಥ ಸಾರ್ವಜನಿಕ ಜಾಲಕ್ಕೆ ಹಾಕಲೇಬಾರದು. ಎಷ್ಟು ಕಡೆ ಪ್ರತಿಯಾಗಿದೆಯೋ ಗೊತ್ತಿಲ್ಲದ್ದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ತಪ್ಪು ಕಲ್ಪನೆ: ಟೊರೆಂಟ್ ಎಂದರೆ ಕಳ್ಳಮಾಲು

ಲಿನಕ್ಸ್ ವಿತರಣೆಗಳು ವರ್ಷಗಳಿಂದ ಅಧಿಕೃತವಾಗಿ ಟೊರೆಂಟ್ ಮೂಲಕ ಹಂಚಿಕೆಯಾಗುತ್ತಿವೆ. ವಿಂಡೋಸ್ 10 ಬಂದಾಗಿನಿಂದ ಒಂದೇ ಲ್ಯಾಬಿನ ಕಂಪ್ಯೂಟರುಗಳು ಅಪ್‌ಡೇಟಿನ ತುಣುಕುಗಳನ್ನು ತಮ್ಮತಮ್ಮಲ್ಲೇ ಕೊಟ್ಟುಕೊಳ್ಳಬಲ್ಲವು. ಅದೂ ಪೀರ್-ಟು-ಪೀರ್ ಕ್ಯಾಶ್‌ನದೇ ಒಂದು ರೂಪ. ಕಳ್ಳಮಾಲು ಆಗುವುದು ಹಕ್ಕುಸ್ವಾಮ್ಯ ಮೀರಿದಾಗ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ರೈಸ್ ತೀರಿಕೊಂಡದ್ದು 1927ರಲ್ಲಿ, ಅವರ ಸಂಪುಟ ಎಲ್ಲರದು. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲೇ ಹೊತ್ತ ಅ.ನ. ಕೃಷ್ಣರಾಯರು ತೀರಿಕೊಂಡದ್ದು 1971ರಲ್ಲಿ. ಅವರ ಕಾದಂಬರಿಗಳು 2032ರವರೆಗೆ ಕಾಯಬೇಕು. 1991ರಲ್ಲಿ ಅಗಲಿದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕೃತಿಗಳು 2052ರವರೆಗೆ. ಹಕ್ಕುದಾರರು ತಾವಾಗಿ ಅನುಮತಿ ಕೊಟ್ಟರೆ ಅದಕ್ಕೆ ಮೊದಲೂ ಹಂಚಬಹುದು.

ತಪ್ಪು ಕಲ್ಪನೆ: ಇದಕ್ಕೆ ದೊಡ್ಡ ಡೇಟಾ ಸೆಂಟರ್ ಬೇಕು, ಜಿಲ್ಲೆ-ತಾಲ್ಲೂಕಿನವರ ಕೈಲಾಗದು

ಕೈಲಾಗುತ್ತದೆ, ಕೆಲಸ ಹಂಚಿಕೊಂಡರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಕಡೆ ಒಂದೊಂದು ಸಾಧಾರಣ ಕಂಪ್ಯೂಟರ್ ಇದೆ ಎಂದಿಟ್ಟುಕೊಳ್ಳಿ. ಕರೆಂಟು, ರಜೆ, ರಿಪೇರಿ ಎಲ್ಲ ಸೇರಿ ಪ್ರತಿಯೊಂದೂ ಅರ್ಧ ಹೊತ್ತು ಮಾತ್ರ ಚಾಲೂ ಇರುತ್ತದೆ ಎನ್ನಿ. ನಾಲ್ಕರಲ್ಲೂ ಒಂದೇ ಸಂಪುಟದ ಪ್ರತಿ ಇದ್ದರೆ, ನಾಲ್ಕೂ ಒಟ್ಟಿಗೆ ಬಂದ್ ಆಗಿರುವ ಸಂಭವ 16ರಲ್ಲಿ 1. ಅಂದರೆ ಶೇ 94ರಷ್ಟು ಹೊತ್ತು ಸಂಪುಟ ಸಿಗುತ್ತದೆ. ಆದರೆ ಈ ಲೆಕ್ಕ ನಿಜವಾಗಬೇಕಾದರೆ ಒಂದು ಕೆಟ್ಟದ್ದಕ್ಕೂ ಇನ್ನೊಂದು ಕೆಟ್ಟದ್ದಕ್ಕೂ ಸಂಬಂಧ ಇರಬಾರದು. ಮಳೆಗಾಲದಲ್ಲಿ ಒಂದೇ ಕೇಬಲ್ ತುಂಡಾಗಿ ಮೂರು ಊರಿಗೂ ಜಾಲ ಹೋದರೆ ಲೆಕ್ಕ ತಲೆಕೆಳಗು. ಅದಕ್ಕೇ ಐದನೆಯ ಪ್ರತಿ ಜಿಲ್ಲೆಯ ಹೊರಗೆ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಲೇಬೇಕು.

ಪಾತ್ರಗಳನ್ನೂ ಹಂಚಬಹುದು. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಅಂಥ ಸಂಸ್ಥೆಗಳ ಗಟ್ಟಿ ಸಂಪರ್ಕದ ಯಂತ್ರಗಳು ವಿಳಾಸಪಟ್ಟಿ ಹೊರಲಿ. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನ ಸಂಸ್ಥೆಯಿದೆ. ಬೆಳಗೊಳದ ಶಾಸನ ಸಂಪುಟವನ್ನು ಬಿಡದೆ ಕಾಯುವುದಕ್ಕೆ ಅದಕ್ಕಿಂತ ಸರಿಯಾದ ಜಾಗ ಯಾವುದು? ತಾಲ್ಲೂಕು ಗ್ರಂಥಾಲಯಗಳು ತಂತಮ್ಮ ತಾಲ್ಲೂಕಿನ ಭಾಗವನ್ನು ಪಿನ್ ಮಾಡಿ, ನೆರೆಯ ತಾಲ್ಲೂಕಿನದಕ್ಕೂ ಒಂದು ಪ್ರತಿಯ ಜಾಗ ಕೊಡಲಿ. ಮೊಬೈಲುಗಳು ಓದಲಿ, ಅಷ್ಟು ಸಾಕು. ಇದು ನನ್ನ ಸಲಹೆಯಷ್ಟೇ, ಯಾರೂ ಕೈಗೆತ್ತಿಕೊಂಡ ಯೋಜನೆಯಲ್ಲ. ಆದರೆ ಇದಕ್ಕೆ ಬೇಕಾದ ತಂತ್ರಾಂಶವೆಲ್ಲ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರೇ ಸಾಕು.

ನೀವು ಕಾಲೇಜಿನ ಗ್ರಂಥಪಾಲಕರಾಗಿದ್ದರೆ, ಲ್ಯಾಬ್ ನೋಡಿಕೊಳ್ಳುವವರಾಗಿದ್ದರೆ, ಅಥವಾ ಮನೆಯಲ್ಲಿ ಫೈಬರ್ ಸಂಪರ್ಕ ಇರುವ ಓದುಗರಾಗಿದ್ದರೆ, ನಿಮ್ಮ ತಾಲ್ಲೂಕಿನ ಶಾಸನಗಳಿರುವ ಸಂಪುಟವನ್ನು ಟೊರೆಂಟ್ ಮೂಲಕ ಇಳಿಸಿಕೊಳ್ಳಿ. ಇಳಿದ ಮೇಲೆ ಅದನ್ನು ಪಟ್ಟಿಯಿಂದ ತೆಗೆಯದೆ, ಸೀಡ್ ಆಗಲು ಬಿಟ್ಟುಬಿಡಿ.